ರಾಕ್ಷಸನ ಕೆನ್ನೆಗೆ ಇಟ್ಟ ಬೊಟ್ಟು

ಇದು 2023ರ ದಸರಾ ರಜೆಯಲ್ಲಿ ನಡೆದದ್ದು. ಆಗ ನನ್ನ ಮಗಳು ಸಿಂಚನಾಗೆ ಏಳು ವರ್ಷ. ನಾನು ಕೊಪ್ಪಳದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಧಾರವಾಡದಲ್ಲಿ ಎಂ.ಎ. ಓದುವಾಗ ಹತ್ತಿದ ದಿನಚರಿ ಬರೆಯುವ ಚಟ ಇನ್ನೂ ಬಿಟ್ಟಿಲ್ಲ. ಹೀಗಾಗಿ ಇಲ್ಲಿ ಬರೆಯುವುದರಲ್ಲಿ ಕೆಲವನ್ನು ದಿನಚರಿ ನೋಡಿ ಬರೆಯುತ್ತಿದ್ದೇನೆ, ಕೆಲವನ್ನು ನೆನಪಿನಿಂದ. ಎರಡರಲ್ಲಿ ಯಾವುದನ್ನು ಹೆಚ್ಚು ನಂಬಬೇಕು ಎಂಬ ಬಗ್ಗೆ ಆ ರಜೆಯ ನಂತರ ನನಗೆ ಮೊದಲಿನ ಖಾತ್ರಿ ಇಲ್ಲ.

ಅದೇ ವರ್ಷದ ಬೇಸಿಗೆಯ ಸಂಗತಿಯನ್ನು ಮೊದಲು ಹೇಳಬೇಕು. ಬೆಂಗಳೂರಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಸಿಂಚನಾಳನ್ನು ಒಂದು ದೊಡ್ಡ ಮಕ್ಕಳ ನಾಟಕಕ್ಕೆ ಕರೆದುಕೊಂಡು ಹೋದೆ. ಆರಿಸಿದವಳು ನಾನೇ. ಮೊಬೈಲಿನಲ್ಲಿ ಚಿತ್ರಗಳು ಚೆನ್ನಾಗಿ ಕಂಡವು, 'ಐದು ವರ್ಷ ಮೇಲ್ಪಟ್ಟವರಿಗೆ' ಎಂದು ಬರೆದಿತ್ತು. ಅದಕ್ಕಿಂತ ಹೆಚ್ಚು ನಾನು ಏನನ್ನೂ ನೋಡಲಿಲ್ಲ. ನಾಟಕ ಶುರುವಾಗುತ್ತಲೇ ದೀಪಗಳೆಲ್ಲ ಆರಿದವು. ಸ್ಪೀಕರಿನಿಂದ ಗುಡುಗು ಬಂತು. ನಮ್ಮ ಬೆನ್ನ ಹಿಂದಿನಿಂದ, ಕುರ್ಚಿಗಳ ನಡುವಿನ ದಾರಿಯಲ್ಲಿ, ದೊಡ್ಡ ಮುಖವಾಡದ ಏನೋ ಒಂದು ಅಬ್ಬರಿಸುತ್ತ ಓಡಿಬಂತು. ಬಹಳಷ್ಟು ಮಕ್ಕಳು ಚಪ್ಪಾಳೆ ತಟ್ಟಿದರು. ಸಿಂಚನಾ ಚೀರಿದಳು. ಅವಳ ಫ್ರಾಕು ಒದ್ದೆಯಾಗಿತ್ತು. ಅವಳನ್ನು ಎತ್ತಿಕೊಂಡು, ಕತ್ತಲಲ್ಲಿ ಯಾರ್ಯಾರದೋ ಮೊಣಕಾಲು ದಾಟಿ ಹೊರಗೆ ಬಂದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಊರಿಗೆ ಬಂದ ಮೇಲೆ ದೀಪ ಹಚ್ಚಿಟ್ಟರೇ ನಿದ್ದೆ. ಮದುವೆಗೆ ಹೋದರೆ ಕಲ್ಯಾಣ ಮಂಟಪದ ಬಾಗಿಲಲ್ಲೇ ನಿಂತುಬಿಡುತ್ತಿದ್ದಳು. ಮನೆಯಲ್ಲಿ ದಿಂಬುಗಳಿಗೆ ಹೆಸರಿಟ್ಟು, ಒಂದೊಂದಕ್ಕೆ ಒಂದೊಂದು ದನಿ ಕೊಟ್ಟು ಮಾತಾಡಿಸುತ್ತಿದ್ದ ಹುಡುಗಿ ಆ ಆಟವನ್ನೇ ನಿಲ್ಲಿಸಿದಳು. ಶಾಲೆಯಲ್ಲಿ ಹಾಜರಿ ಕೂಗಿದರೆ ಕೈ ಎತ್ತುತ್ತಾಳೆ, ಬಾಯಿ ಬಿಡುವುದಿಲ್ಲ ಎಂದು ಅವಳ ಟೀಚರ್ ಹೇಳಿದರು. ಆಗಸ್ಟಿನಲ್ಲಿ ಶಾಲೆಯ ವಾರ್ಷಿಕೋತ್ಸವದ ಮಾತು ಬಂದಾಗ ಅವರೇ ನನ್ನನ್ನು ಕರೆದು, "ಈ ವರ್ಷ ಗ್ಯಾದರಿಂಗಿಗೆ ಆಕೀನ್ನ ಬ್ಯಾಡ ಬಿಡ್ರಿ ಮೇಡಂ. ಸ್ಟೇಜ್ ಅಂದ್ರ ಕೈ ತಣ್ಣಗಾಗ್ತಾವು ಹುಡುಗೀವು" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ನಾನು ಸ್ಕೂಟಿಯ ಮೇಲೆ ಮನೆಗೆ ಬರುವವರೆಗೂ ಒಂದೇ ವಿಚಾರ: ಮಾತಿನ ಮಲ್ಲಿಯಾಗಿದ್ದ ಮಗುವಿನ ಬಾಯಿಯನ್ನು ನಾನೇ ಕಟ್ಟಿಹಾಕಿದೆನೇ?

ದಸರಾ ರಜೆಗೆ ಅವ್ವನನ್ನು ಅಕ್ಕನ ಮನೆಗೆ ಬಿಟ್ಟುಬರುವುದಿತ್ತು. ಆಗ ಇನ್ನೊಮ್ಮೆ ಪ್ರಯತ್ನಿಸಬೇಕೆಂದು ನಿರ್ಧರಿಸಿದೆ. ಈ ಸಲ ಆಯ್ಕೆಯಲ್ಲಿ ತಪ್ಪಬಾರದು. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಆ ವಾರ ಬೆಂಗಳೂರಿನಲ್ಲಿದ್ದ ಮಕ್ಕಳ ನಾಟಕಗಳನ್ನೆಲ್ಲ ಬರೆದೆ. ಎಷ್ಟು ಹೊತ್ತು, ಯಾವ ಭಾಷೆ, ಮುಖವಾಡ ಇದೆಯೇ, ಎಷ್ಟು ಜನ ಕೂರುವ ಜಾಗ. ನಮ್ಮ ಕಡೆ ಇಷ್ಟು ಆರಿಸುವ ಪ್ರಶ್ನೆಯೇ ಬರುವುದಿಲ್ಲ. ಗಂಗಾವತಿಗೋ ಕುಷ್ಟಗಿಗೋ ಕಂಪನಿ ನಾಟಕದ ಟೆಂಟು ಬಂದರೆ ಬಂತು. ಅಲ್ಲಿನ ಹಾಸ್ಯಕ್ಕೆ ಮಕ್ಕಳನ್ನು ಕರೆದೊಯ್ಯಲು ಧೈರ್ಯ ಬೇಕು. ಬೆಂಗಳೂರಿನಲ್ಲಿ ಒಂದೇ ಶನಿವಾರ ಏಳು ಕಡೆ ಏಳು ನಾಟಕ. ನಾಲ್ಕು ಇಂಗ್ಲಿಷಿನವು, ಒಂದು ಬರೀ ಕೂಸುಗಳಿಗೆ, ಒಂದು ಎರಡೂವರೆ ತಾಸಿನದು. ಹೊಡೆದುಹಾಕುತ್ತ ಬಂದೆ.

ನಮ್ಮ ಮನೆಯವರಿಗೆ ಕುಷ್ಟಗಿಯಲ್ಲಿ ಕೆಲಸ, ದಿನಾ ಬಸ್ಸಿಗೆ ಹೋಗಿಬರುತ್ತಾರೆ. ಸಂಜೆ ಬಂದವರು ನನ್ನ ನೋಟ್‌ಬುಕ್ಕಿನಲ್ಲಿ ಇಣುಕಿ, "ಏನಿದು, ಹುಡುಗಿಗೆ ಈಗಿಂದನ ವರಾ ನೋಡಾಕತ್ತೀಯೇನು? ಜಾತಕ ಒಂದು ಕೇಳೋದು ಬಿಟ್ಟಿ ನೋಡು" ಅಂದರು.

ಅವ್ವ ಹಾಸಿಗೆಯ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು. "ಅದರಾಗ ರಕ್ಕಸ ಅದಾನೇನು?" ಎಂದು ಕೇಳಿದಳು.

"ಇಲ್ಲಬೇ. ರಕ್ಕಸ ಇಲ್ಲದ್ದನ್ನ ಹುಡಕಾಕತ್ತೀನಿ."

"ರಕ್ಕಸ ಇಲ್ಲಂದ್ರ ಆಟ ಮುಂದ ಹೆಂಗ ಹೊಕ್ಕೈತಿ? ರಾಜಾ ಸುಮ್ನ ಕುಂತು ಚಾ ಕುಡೀತಾನೇನು?"

ಕೊನೆಗೆ ಉಳಿದದ್ದು ಒಂದು ಸಣ್ಣ ತಂಡದ ಕನ್ನಡ ನಾಟಕ. ಅಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಒಬ್ಬ ಹೆಂಗಸು ಎತ್ತಿದರು. ದೀಪ ಪೂರ್ತಿ ಆರಿಸುತ್ತೀರಾ, ಶಬ್ದ ಜೋರಾಗಿರುತ್ತದೆಯೇ, ಹಿಂದಿನಿಂದ ಯಾರಾದರೂ ಓಡಿಬರುತ್ತಾರೆಯೇ, ನಡುವೆ ಎದ್ದು ಹೊರಗೆ ಹೋದರೆ ನಡೆಯುತ್ತದೆಯೇ ಎಂದು ಕೇಳುತ್ತ ಹೋದೆ. ಅವರು ತಾಳ್ಮೆಯಿಂದ ಎಲ್ಲಕ್ಕೂ ಉತ್ತರಿಸಿ, "ಮೇಡಂ, ನಮ್ಮ ನಾಟಕದಲ್ಲಿ ಒಂದು ಕೆರೆ, ಎರಡು ಕಪ್ಪೆ, ಒಬ್ಬರು ಅಜ್ಜಿ. ಅಷ್ಟೇ. ಮುಕ್ಕಾಲು ಗಂಟೆ. ಧೈರ್ಯವಾಗಿ ಬನ್ನಿ" ಅಂದರು. ಕಪ್ಪೆ ಎಂದ ಮೇಲೆ ಸಿಂಚನಾ ಕೂಡ ಒಪ್ಪಿದಳು. ಆದರೆ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಳು, "ರಕ್ಕಸ ಇಲ್ಲಲ್ಲ?" ಎಂದು. ಮೂರು ಸಲವೂ ನಾನು ಇಲ್ಲ ಅಂದೆ.

ರೈಲಿನಲ್ಲಿ ಬುತ್ತಿ ಬಿಚ್ಚಿ ಊಟ ಮಾಡುವಾಗ ಅವಳ ಅಂಜಿಕೆ ಇನ್ನಷ್ಟು ಕಡಿಮೆಯಾಗಲಿ ಎಂದು ನನ್ನ ಬಾಲ್ಯದ ಒಂದು ಕಥೆ ಹೇಳಿದೆ. ಅದನ್ನು ಗೆಳತಿಯರಿಗೆ, ಗಂಡನಿಗೆ, ಒಮ್ಮೆ ತರಗತಿಯಲ್ಲೂ ಹೇಳಿದ್ದೇನೆ. ನಮ್ಮದು ಯಲಬುರ್ಗಾ ತಾಲೂಕಿನ ಒಂದು ಹಳ್ಳಿ. ಜೋಳದ ರಾಶಿ ಮುಗಿದ ಮೇಲೆ ಅಲ್ಲಿ ದೊಡ್ಡಾಟ ಆಡುತ್ತಿದ್ದರು. ನಮ್ಮ ಸೋದರಮಾವನದು ರಾಕ್ಷಸನ ಪಾರ್ಟು. ಅಂಜುವ ಮಕ್ಕಳನ್ನು ಆಟಕ್ಕೆ ಮೊದಲು ಬಣ್ಣ ಹಚ್ಚುವ ಕೋಣೆಗೆ ಕರೆದೊಯ್ಯುವ ಪದ್ಧತಿ ನಮ್ಮೂರಲ್ಲಿತ್ತು. ರಾಕ್ಷಸನ ಮುಖ ಇನ್ನೂ ಅರ್ಧ ಬರೆದಿರುವಾಗಲೇ ಮಗುವಿನ ಬೆರಳನ್ನು ಕೆಂಪು ಬಣ್ಣದಲ್ಲಿ ಅದ್ದಿ ಅವನ ಕೆನ್ನೆಗೆ ಒಂದು ಬೊಟ್ಟು ಇಡಿಸುತ್ತಿದ್ದರು. ಬೊಟ್ಟು ಇಟ್ಟ ಮಗುವಿಗೆ ಆ ರಾಕ್ಷಸ ಏನೂ ಮಾಡುವುದಿಲ್ಲ ಎಂದು ಮಾತು.

"ನಾನೂ ಆಗ ನಿನ್ನಷ್ಟ ಇದ್ದೆ. ಭಾಳ ಅಂಜುಬುರುಕಿ" ಎಂದು ಸಿಂಚನಾಗೆ ಹೇಳಿದೆ. "ಅಜ್ಜಿ ನನ್ನ ಕರಕೊಂಡು ಹೋದ್ಲು. ಮಾಮಾಗ ಒಂದ ಕಡೆ ಮೀಸಿ ಬರದಿದ್ರು. ಬಣ್ಣ ಹತ್ತಬಾರದಂತ ಚಾದ ಗ್ಲಾಸ್ ಮ್ಯಾಲೆ ಎತ್ತಿ ಹಿಡದು ಕುಡ್ಯಾಕತ್ತಿದ್ದ. ಬೊಟ್ಟ ಇಟ್ಟೆ. ಅಂಜಿಕಿ ಹೋತು. ಮುಂದ ಕುಂತು ಇಡೀ ಆಟ ನೋಡಿದೆ."

ಸಿಂಚನಾ ರೊಟ್ಟಿ ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದಳು. ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹೊರಗೆ ಕತ್ತಲು, ಏನೂ ಕಾಣುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ.

ಶನಿವಾರ ಮಧ್ಯಾಹ್ನ ಮೂರೂವರೆಗೆ ರಂಗಮಂದಿರ ತಲುಪಿದೆವು. ಹಳೆಯ ಬಡಾವಣೆಯ ಮರಗಳ ನಡುವೆ ಇರುವ ಚಿಕ್ಕ ಕಟ್ಟಡ. ಗೇಟಿನ ಪಕ್ಕ ಆಳೆತ್ತರದ ಒಂದು ಚಿತ್ರ ನಿಲ್ಲಿಸಿದ್ದರು. ಹಸಿರು ಮುಖ, ಕೋರೆಹಲ್ಲು, ತಟ್ಟೆಯಷ್ಟಗಲದ ಕಣ್ಣು. ಬೇರೆ ಯಾವುದೋ ನಾಟಕದ್ದಿರಬೇಕು ಅಂದುಕೊಂಡೆ. ಒಳಗೆ ಮೇಜಿನ ಬಳಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ, ನನಗಿಂತ ಹಿರಿಯರಾದ ಒಬ್ಬರು ಕೂತಿದ್ದರು. ಅವರು ಮಾತಾಡಿದ ಕೂಡಲೇ ಫೋನಿನ ದನಿ ಎಂದು ಗುರುತು ಸಿಕ್ಕಿತು.

"ಕಪ್ಪೆ ಮಾಡೋರ ಕಾಲು ಉಳುಕಿದೆ ಮೇಡಂ. ಅದಕ್ಕೆ ಇವತ್ತು ನಮ್ಮ ಇನ್ನೊಂದು ನಾಟಕ ಹಾಕಿದೀವಿ. ಬೆಳಿಗ್ಗೆನೇ ಎಲ್ಲರಿಗೂ ಮೆಸೇಜ್ ಕಳಿಸಿದ್ವಲ್ಲ."

ಕಳಿಸಿದ್ದರು. ಹತ್ತು ಗಂಟೆಗೆ ಬಂದ ಆ ಸಂದೇಶ ನನ್ನ ಮೊಬೈಲಿನಲ್ಲಿ ತೆರೆಯದೆ ಬಿದ್ದಿತ್ತು. ನೋಟ್‌ಬುಕ್ಕಿಗೆ ಗೆರೆ ಎಳೆದವಳು, ಎಂಟು ಪ್ರಶ್ನೆ ಕೇಳಿದವಳು, ಒಂದು ಸಂದೇಶ ಓದಿರಲಿಲ್ಲ.

ಹಿಂತಿರುಗಿ ನೋಡಿದರೆ ಸಿಂಚನಾ ಮೆಟ್ಟಿಲಿನ ಕಬ್ಬಿಣದ ಸರಳು ಹಿಡಿದು ನಿಂತಿದ್ದಳು. ಬೆರಳ ಗೆಣ್ಣು ಬೆಳ್ಳಗಾಗಿದ್ದವು. "ಮಮ್ಮಿ, ನೀ ರಕ್ಕಸ ಇಲ್ಲ ಅಂದಿದ್ದಿ" ಅಂದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ವಾಸಿ ಇತ್ತು.

ನಾನು ಕೆಳಗೆ ಕೂತು ಅವಳ ಕೈ ಹಿಡಿದೆ. ಏನು ಹೇಳಬೇಕೋ ತಿಳಿಯದೆ ಮತ್ತೆ ಅದೇ ಕಥೆಗೆ ಕೈ ಹಾಕಿದೆ. "ಸಿಂಚೂ, ನಾನೂ ನಿನ್ನಂಗ ಅಂಜಿದ್ನಿಲ್ಲ? ಆಮ್ಯಾಲೆ ಏನಾತು ಹೇಳು."

"ನೀ ಧೈರ್ಯದಾಕಿ. ನೀ ಬೊಟ್ಟ ಇಟ್ಟಿ. ನಾ ನಿನ್ನಂಗಿಲ್ಲ, ನನಗ ಆಗಂಗಿಲ್ಲ." ಅಷ್ಟು ಹೇಳಿ ಮುಖ ಸರಳಿಗೆ ಒತ್ತಿಕೊಂಡಳು.

ಅವಳಿಗೆ ಬಲ ಬರಲಿ ಎಂದು ಹೇಳಿದ ಕಥೆ ಅವಳನ್ನು ಇನ್ನಷ್ಟು ಸಣ್ಣದಾಗಿಸಿತ್ತು. ಸಾಕು, ಮನೆಗೆ ಹೋಗೋಣ, ಇನ್ನು ಈ ಸುದ್ದಿಯೇ ಬೇಡ ಎಂದು ಏಳುತ್ತಿದ್ದೆ. ಅಷ್ಟರಲ್ಲಿ ಅವ್ವ ಸೆರಗು ಸರಿಮಾಡಿಕೊಂಡು ಮೆಟ್ಟಿಲ ಮೇಲೆ ಮೊಮ್ಮಗಳ ಪಕ್ಕ ಕೂತಳು.

"ಸಿಂಚೂ, ನಿಮ್ಮವ್ವ ಬೊಟ್ಟ ಇಟ್ಟಿಲ್ಲ."

"ಏನಂದಿ?" ಎಂದು ಕೇಳಿದವಳು ನಾನು.

"ಬೊಟ್ಟ ಇಟ್ಟಾಕಿ ನಿಮ್ಮಕ್ಕ ಶಾರದಾ. ನೀ ಬಾಗಲಾನ ದಾಟಲಿಲ್ಲ. ಮಾಮಾನ ಮಾರಿ ನೋಡಿದ್ದ ತಡ, ನನ್ನ ಸೆರಗ ಹಿಡದು ಹೊಯ್ಕೊಂಡಿ ನೋಡು, ಓಣಿ ಮಂದಿಯೆಲ್ಲ ಬಂದ್ರು ಏನಾತಂತ. ನಿನ್ನ ಹೊತಗೊಂಡು ಮನಿಗೆ ಬಂದೆ. ನನ್ನ ತಮ್ಮ ಮದಲನೇ ಸಲ ರಕ್ಕಸ ಆಗಿದ್ದ, ನಾ ನೋಡಲಿಲ್ಲ. ಈಗೂ ಆಡ್ಕೊಂತಾನ ಅವ."

"ಹಂಗಾರ ಚಾದ ಗ್ಲಾಸು? ಒಂದ ಕಡೆ ಮೀಸಿ?"

"ಶಾರದಾ ಎರಡ ತಿಂಗಳ ಅದನ್ನ ಹೇಳ್ಕೋತ ಅಡ್ಡಾಡಿದ್ಲು. ಕೇಳಿ ಕೇಳಿ ನೀ ನಿಂದ ಮಾಡ್ಕೊಂಡಿ."

"ಇಷ್ಟ ವರ್ಷ ಯಾಕ ಹೇಳಲಿಲ್ಲಬೇ?"

"ಛಂದ ಹೇಳ್ತಿದ್ದಿ ತಂಗಿ. ಯಾಕ ಕೆಡಸೂದು ಅಂತ ಬಿಟ್ಟೆ."

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಆ ಗ್ಲಾಸನ್ನು ಕಣ್ಣಾರೆ ಕಂಡಿದ್ದೆ. ಅದರ ಬಾಯಿಗೆ ಅಂಟಿದ್ದ ಕೆಂಪು ಬಣ್ಣವನ್ನು, ಆ ಕೋಣೆಯ ಕೊಬ್ಬರಿ ಎಣ್ಣೆಯ ವಾಸನೆಯನ್ನು ಈಗಲೂ ಹೇಳಬಲ್ಲೆ. ಸಾಕ್ಷಿ ಇಲ್ಲದೆ ಏನನ್ನೂ ನಂಬಬೇಡಿ ಎಂದು ವರ್ಷವರ್ಷವೂ ಹುಡುಗರಿಗೆ ಹೇಳುವವಳು ನಾನು. ಆ ಮೆಟ್ಟಿಲ ಮೇಲೆ, ಟಿಕೆಟ್ ಹಿಡಿದು ನಿಂತ ಅಪ್ಪ ಅಮ್ಮಂದಿರ ನಡುವೆ, ನನ್ನ ಮುಖ ಬಿಸಿಯಾಯಿತು.

ಆದರೆ ಸಿಂಚನಾ ಸರಳಿನಿಂದ ಮುಖ ಎತ್ತಿದ್ದಳು. ನನ್ನನ್ನು ಹೊಸಬಳೆಂಬಂತೆ ನೋಡುತ್ತಿದ್ದಳು.

"ಮಮ್ಮಿ, ನೀನೂ ಉಚ್ಚಿ ಹೊಯ್ಕೊಂಡಿದ್ದೇನು?"

ನನಗೆ ಗೊತ್ತಿರಲಿಲ್ಲ. ಅವ್ವನ ಕಡೆ ನೋಡಿದೆ.

"ನನ್ನ ಸೀರಿ ಕೇಳು" ಅಂದಳು ಅವ್ವ.

ಸಿಂಚನಾ ನಕ್ಕುಬಿಟ್ಟಳು. ಮೂಗಿನಿಂದ ಬಂದ ಸಣ್ಣ ನಗು. ನಂತರ ಗಂಭೀರವಾಗಿ, "ಈಗ ನಿನಗ ರಕ್ಕಸನ ಅಂಜಿಕಿ ಹೋಗೈತೇನು?" ಎಂದು ಕೇಳಿದಳು.

ಹೋಗಿದೆ ಅನ್ನಲು ಬಾಯಿ ತೆರೆದೆ. ಆ ಕ್ಷಣಕ್ಕೆ ಇನ್ನೊಂದು ಸುಳ್ಳು ಬೇಡ ಅನ್ನಿಸಿತು. "ಗೊತ್ತಿಲ್ಲವ್ವ. ನಾ ಹತ್ತರದಿಂದ ನೋಡೇ ಇಲ್ಲ ಅಂದಂಗಾತಲ್ಲ."

ಅವ್ವ ಮೊಣಕಾಲಿಗೆ ಕೈಕೊಟ್ಟು ಎದ್ದಳು. "ಹಂಗಾರ ಇಬ್ಬರೂ ನಡೀರಿ. ಬಣ್ಣ ಎಲ್ಲಿ ಹಚ್ಚಾಕತ್ತಾರ ಕೇಳ್ತೀನಿ."

ನಾನು ತಡೆಯುವಷ್ಟರಲ್ಲಿ ಮೇಜಿನ ಮುಂದೆ ನಿಂತಿದ್ದಳು. "ಯವ್ವಾ, ರಕ್ಕಸ ಎಲ್ಲದಾನ? ನಮ್ಮ ಹುಡುಗಿ ಬೊಟ್ಟ ಇಡಬೇಕು."

"ಏನಮ್ಮಾ?"

"ಬಣ್ಣ ಹಚ್ಚೋ ಖೋಲಿ ಎಲ್ಲೈತ್ರಿ?"

"ಅಲ್ಲಿಗೆ ನೋಡೋಕೆ ಬಂದವರನ್ನ ಬಿಡಲ್ಲಮ್ಮ. ನಾಟಕ ಮುಗಿದ ಮೇಲೆ ಬೇಕಾದ್ರೆ ಫೋಟೋ ತೆಗೆಸ್ಕೋಬಹುದು."

ಸಾಲಿನಲ್ಲಿದ್ದವರು ನೋಡತೊಡಗಿದರು. ನಾನು ಮೆಲ್ಲಗೆ, "ನಡಿಬೇ, ಇಲ್ಲಿ ಹಂಗೆಲ್ಲ ಇರಂಗಿಲ್ಲ" ಎಂದು ಅವ್ವನ ತೋಳು ಹಿಡಿದೆ. ಅವ್ವ ಕೊಸರಿಕೊಂಡಳು. ಜಗಳದ ದನಿ ಅಲ್ಲ, ಗೊತ್ತಿಲ್ಲದವರಿಗೆ ತಿಳಿಸಿ ಹೇಳುವ ದನಿ.

"ಮುಗದ ಮ್ಯಾಲೆ ನೋಡಿ ಏನ್ ಮಾಡೂದ್ರಿ? ಮದಲ ಮಾರಿ ಗುರ್ತ ಹತ್ತಬೇಕು. ಗುರ್ತ ಇರಲಾರದವರು ಒಮ್ಮಿಗೆ ಮುಂದ ಬಂದು ಒದರಿದ್ರ ನೀವರೆ ಅಂಜೂದಿಲ್ಲೇನ್ರಿ? ಕೂಸ ಅದು."

ಆ ಹೆಂಗಸು ಅವ್ವನನ್ನು ನೋಡಿದರು, ಸಿಂಚನಾಳನ್ನು ನೋಡಿದರು, ಕೊನೆಗೆ ನನ್ನನ್ನು. "ಕೊಪ್ಪಳದಿಂದ ಫೋನ್ ಮಾಡಿದ್ದು ನೀವೇನಾ?"

ಹೌದೆಂದೆ.

"ನೀವು ಕೇಳಿದ ಅಷ್ಟು ಪ್ರಶ್ನೆಯಲ್ಲಿ ಇದೊಂದನ್ನ ಕೇಳಲಿಲ್ಲ ನೋಡಿ" ಎಂದು ಎದ್ದು ಒಳಗೆ ಹೋದರು. ಬಂದು, "ಐದು ನಿಮಿಷ. ಮೊಬೈಲ್ ಹೊರಗೆ ತೆಗೀಬೇಡಿ" ಅಂದರು.

ಕಟ್ಟಡದ ಹಿಂಭಾಗದಲ್ಲಿ ಒಂದು ಕಿರಿದಾದ ಕೋಣೆ. ಕನ್ನಡಿಯ ಮುಂದೆ ಐವತ್ತರ ಸುಮಾರಿನ, ಕೃಶವಾದ ಹೆಂಗಸೊಬ್ಬರು ಹೆಗಲಿಗೆ ಹಳೆಯ ಟವೆಲು ಹೊದ್ದು ಕೂತಿದ್ದರು. ಅವರೇ ರಾಕ್ಷಸ. ಮುಖದ ಬಲಗಡೆ ಹಸಿರು ಬಳಿದಾಗಿತ್ತು, ಎಡಗಡೆ ಇನ್ನೂ ಅವರದೇ ಕೆನ್ನೆ. ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು.

"ಬನ್ನಿ ಬನ್ನಿ. ಬಾಯಿ ತುಂಬ ಬಿಸ್ಕತ್ತಿದೆ, ಈಗ ನನಗೆ ಅಬ್ಬರಿಸೋಕೆ ಬರಲ್ಲ. ಒಳ್ಳೆ ಟೈಮಿಗೆ ಬಂದ್ರಿ" ಅಂದರು.

ಅವ್ವ ಹತ್ತಿರ ಹೋಗಿ ಅವರ ಮುಖವನ್ನು ಕುಂಬಾರರ ಮನೆಯ ಮಡಕೆ ಪರೀಕ್ಷಿಸುವಂತೆ ನೋಡಿದಳು. "ಹೆಣ್ಣ ರಕ್ಕಸೇನವಾ?"

"ಗಂಡು ರಾಕ್ಷಸನೇ ಅಮ್ಮ. ಮಾಡೋಳು ಹೆಣ್ಣು."

"ನಮ್ಮೂರಾಗ ಗಂಡಸರು ರಾಣಿ ಪಾರ್ಟ ಮಾಡತಿದ್ರು. ನೀ ಅದನ್ನ ತಿರುವಿ ಹಾಕಿದಿ ಬಿಡು."

ಸಿಂಚನಾ ಹೊಸ್ತಿಲಲ್ಲೇ ಇದ್ದಳು. ನಾನೂ ಹೊಸ್ತಿಲಲ್ಲೇ ಇದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ದಿನಚರಿಯಲ್ಲಿ ಇದೆ: ಬಾಗಿಲ ಚೌಕಟ್ಟು ಹಿಡಿದ ಕೈ ಬಿಟ್ಟಿರಲಿಲ್ಲ. ಮೂವತ್ತೊಂಬತ್ತರ ವಯಸ್ಸಿನಲ್ಲಿ, ಬಿಸ್ಕತ್ತು ತಿನ್ನುತ್ತಿರುವ ಒಬ್ಬ ಹೆಂಗಸಿನ ಮುಂದೆ. ಅವರಿಗೆ ಅದು ಕಂಡಿರಬೇಕು. ಬಣ್ಣದ ಕೆನ್ನೆಯನ್ನು ಗೋಡೆಯ ಕಡೆ ಮಾಡಿ, ಬರೀ ಕೆನ್ನೆಯನ್ನು ನಮ್ಮ ಕಡೆ ತಿರುಗಿಸಿ ಕೂತರು. ಕಿವಿಯ ಹತ್ತಿರ ಒಂದು ಮಚ್ಚೆ ಇತ್ತು.

"ನಿಮ್ಮ ಹಲ್ಲ ಎಲ್ಲಿ?" ಎಂದು ಸಿಂಚನಾ ಕೇಳಿದಳು. ದನಿ ಕೇಳಿಸಿದ್ದೇ ಕಷ್ಟದಿಂದ.

"ಡಬ್ಬೀಲಿದೆ. ಚಪಾತಿ ಪಕ್ಕ."

ನಿಜವಾಗಿಯೂ ಸ್ಟೀಲಿನ ಡಬ್ಬಿಯ ಮುಚ್ಚಳದಲ್ಲಿ ಸ್ಪಂಜಿನ ಎರಡು ಕೋರೆಹಲ್ಲು ಇದ್ದವು. ಅದನ್ನು ನೋಡಲು ಸಿಂಚನಾ ಹೊಸ್ತಿಲು ದಾಟಿದಳು. ಅವಳ ಜೊತೆ ನಾನೂ ದಾಟಿದೆ. ಅವ್ವ ಅವಳ ಬೆರಳನ್ನು ಕೆಂಪು ಬಣ್ಣದಲ್ಲಿ ಅದ್ದಿದಳು. ಅವರು ಕೆನ್ನೆ ಮುಂದಕ್ಕೆ ತಂದು ಕಣ್ಣು ಮುಚ್ಚಿಕೊಂಡರು. ರಾಕ್ಷಸನೇ ಕಣ್ಣು ಮುಚ್ಚಿದ್ದು ಸಿಂಚನಾಗೆ ಹಿಡಿಸಿತು ಅನ್ನಿಸುತ್ತದೆ. ಮಚ್ಚೆಯ ಕೆಳಗೆ ಸರಿಯಾಗಿ ನೋಡಿ ಬೊಟ್ಟು ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಈಗ ನೀ" ಅಂದಳು.

"ಇನ್ನೊಬ್ಬರಿದ್ದಾರಾ? ಬನ್ನಿ, ಕೆನ್ನೆ ಬೇಕಾದಷ್ಟಿದೆ" ಅಂದರು ಅವರು, ಕಣ್ಣು ತೆರೆಯದೆ.

ಅವಳು ಇಟ್ಟದ್ದರ ಪಕ್ಕದಲ್ಲಿ ನಾನೂ ಒಂದು ಇಟ್ಟೆ. ಕೆನ್ನೆ ಬೆಚ್ಚಗಿತ್ತು. ಅವ್ವ ಹಿಂದಿನಿಂದ, "ಮುಗೀತಾ? ಈ ಸಲರೆ ನನಗ ಆಟ ನೋಡಾಕ ಬಿಡ್ರಿ" ಅಂದಳು.

ಬಾಗಿಲ ಹತ್ತಿರದ ಕುರ್ಚಿಗಳನ್ನೇ ಕೇಳಿ ಪಡೆದು ಕೂತೆವು. ದೀಪ ಮಂದವಾದಾಗ ಸಿಂಚನಾಳ ಉಗುರು ನನ್ನ ಮಣಿಕಟ್ಟಿಗೆ ನೆಟ್ಟವು. ರಾಕ್ಷಸ ಬಂದ. ಈಗ ಅವನಿಗೆ ಕೋರೆಹಲ್ಲು, ಕೆದರಿದ ಕೂದಲು, ಮೂರಾಳಿನ ಭುಜ. ಒಮ್ಮೆ ಅಬ್ಬರಿಸಿದ. ಮಕ್ಕಳೆಲ್ಲ ಚೀರಿದರು. ಸಿಂಚನಾ ಅಜ್ಜಿಯ ಮಡಿಲಲ್ಲಿ ಮುಖ ಮುಚ್ಚಿಕೊಂಡಳು. ಮುಗಿಯಿತು, ಮತ್ತೆ ತಪ್ಪು ಮಾಡಿದೆ ಎಂದು ನಾನು ಚೀಲ ಹೆಗಲಿಗೇರಿಸಿದೆ. ಅಷ್ಟರಲ್ಲಿ ಅವಳು ಒಂದು ಕಣ್ಣು ತೆರೆದು, "ಬೊಟ್ಟ ಅದಾವು" ಅಂದಳು. ಇದ್ದವು. ಹಸಿರಿನ ನಡುವೆ ಎರಡು ಕೆಂಪು ಬೊಟ್ಟು. ಅವುಗಳ ಸುತ್ತ ಬಣ್ಣ ಬಳಿದಿದ್ದರು, ಅವುಗಳ ಮೇಲೆ ಬಳಿದಿರಲಿಲ್ಲ.

ಅಲ್ಲಿಂದ ಅವಳಿಗೆ ಕಥೆ ಬೇಕಿರಲಿಲ್ಲ. ರಾಜ ಏನಾದ, ರಾಣಿ ಏನಂದಳು, ಯಾವುದೂ ಬೇಕಿರಲಿಲ್ಲ. ರಾಕ್ಷಸನ ಎಡಗೆನ್ನೆ ಎಲ್ಲಿ ಹೋದರೆ ಅಲ್ಲಿಗೆ ಅವಳ ಕಣ್ಣು. ಅವನು ಕುಣಿದು ಕುಣಿದು ಬೆವರಿದ. ಬೊಟ್ಟಿನ ಬಣ್ಣ ಕರಗಿ ಗೆರೆಯಾಗಿ ಇಳಿಯತೊಡಗಿತು. ರಾಕ್ಷಸ ರಾಜನ ಕುತ್ತಿಗೆಗೆ ಕೈ ಹಾಕಿದ್ದಾನೆ, ಇಡೀ ಮಂದಿರ ಉಸಿರು ಬಿಗಿಹಿಡಿದಿದೆ, ಆಗ ಸಿಂಚನಾ ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದಳು.

"ರಕ್ಕಸಾ, ಬೊಟ್ಟ ಇಳ್ಯಾಕತ್ತಾವ ನೋಡು."

ನಾನು ಅವಳ ಫ್ರಾಕು ಹಿಡಿದು ಕೆಳಗೆಳೆದೆ. ಅವಳು ಕೂರಲಿಲ್ಲ. ರಾಕ್ಷಸ ರಾಜನನ್ನು ಒಂದು ಕೈಯಲ್ಲಿ ಹಾಗೇ ಹಿಡಿದುಕೊಂಡು, ಇನ್ನೊಂದು ಕೈಯಿಂದ ಕೆನ್ನೆ ಮುಟ್ಟಿ ನೋಡಿಕೊಂಡ. ಅದೇ ಗುಡುಗಿನ ದನಿಯಲ್ಲಿ, "ಯಾರದು, ನನ್ನ ಬೊಟ್ಟಿನ ಚಿಂತೆ ಮಾಡೋರು?" ಎಂದು ಕೇಳಿದ.

"ನಾನು. ಸಿಂಚನಾ. ಎರಡನೇ ಕ್ಲಾಸು. ಕೊಪ್ಪಳ."

ಶಾಲೆಯಲ್ಲಿ ತಿಂಗಳುಗಟ್ಟಲೆ ಹಾಜರಿಗೆ ಬಾಯಿ ಬಿಡದ ಹುಡುಗಿ.

"ಕೊಪ್ಪಳದ ಸಿಂಚನಾ, ಈ ರಾಜನನ್ನ ತಿಂದು ಮುಗಿಸಿ ಬರ್ತೀನಿ. ಆಮೇಲೆ ಸರಿ ಮಾಡಿಕೊಡು."

"ಆತು. ಲಗೂ ಬಾ."

ಜನ ನಕ್ಕರು. ರಾಜನಾದವರೂ ನಕ್ಕರು, ಕುತ್ತಿಗೆ ರಾಕ್ಷಸನ ಕೈಯಲ್ಲಿದ್ದಂತೆಯೇ. ನಾನು ನಗಲಿಲ್ಲ. ಕಣ್ಣು ಒರೆಸಿಕೊಳ್ಳಲು ಸೆರಗು ಹುಡುಕುತ್ತಿದ್ದೆ, ಚೂಡಿದಾರ ಹಾಕಿದ್ದೇನೆ ಎಂಬುದು ಮರೆತಿತ್ತು.

ಒಂದು ನಾಟಕದಿಂದ ಎಲ್ಲ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ಅವಳ ಕೋಣೆಯ ದೀಪ ಆರಿದ್ದು ದೀಪಾವಳಿ ಕಳೆದ ಮೇಲೆ. ಆದರೆ ಊರಿ‌ಗೆ ಬಂದ ವಾರದಲ್ಲೇ ದಿಂಬುಗಳು ಮತ್ತೆ ಮಾತಾಡತೊಡಗಿದವು. ಅವುಗಳಲ್ಲೊಂದು ರಾಕ್ಷಸ. ಅದರ ಕವರಿನ ಮೇಲೆ ನನ್ನ ಕುಂಕುಮದ ಬೊಟ್ಟು.

ನಾಟಕ ನೋಡಿದ ಸಂಜೆಯೇ ಅಕ್ಕನ ಮನೆಯಲ್ಲಿ ಚಹಾ ಕುಡಿಯುವಾಗ ಹಳೆಯ ಮಾತು ಎತ್ತಿದೆ. ಅಕ್ಕ, "ಅವ್ವ ಹೇಳೂದೂ ಪೂರಾ ಖರೆ ಅಲ್ಲ. ನೀ ಒಳಗ ಬಂದಿದ್ದಿ, ನನ್ನ ಬೆನ್ನಿಗೆ ನಿಂತಿದ್ದಿ. ಬೊಟ್ಟ ಇಡಲಿಲ್ಲ, ಅಷ್ಟ" ಅಂದಳು. ಬಗೆಹರಿಯಲಿ ಎಂದು ಮಾವನಿಗೆ ಫೋನ್ ಹಚ್ಚಿದೆವು. ಅವನು ಎಲ್ಲ ಕೇಳಿಸಿಕೊಂಡು, "ನೀವು ಹೇಳೂ ವರ್ಷ ನಾ ರಕ್ಕಸ ಅಲ್ಲಬಿಡ್ರಿ, ಕಥಿ ಹೇಳೂ ಸಾರಥಿ ಆಗಿದ್ದೆ. ನನಗ ಮೀಸೀನ ಇದ್ದಿಲ್ಲ" ಅಂದ. ಅವ್ವ ಫೋನ್ ಕಸಿದುಕೊಂಡು ತಮ್ಮನ ಜೊತೆ ಜಗಳ ತೆಗೆದಳು. ದಿನಚರಿಯಲ್ಲಿ ನಾಲ್ಕೂ ಹೇಳಿಕೆಗಳನ್ನು ಒಂದರ ಕೆಳಗೊಂದು ಬರೆದಿಟ್ಟಿದ್ದೇನೆ. ನನ್ನದು ಕೊನೆಯದು.

ಈಗ ಬೆಂಗಳೂರಿಗೆ ಹೊರಟ ಗೆಳತಿಯರು, ಮಕ್ಕಳಿಗೆ ಯಾವ ನಾಟಕ ಒಳ್ಳೆಯದು, ನಿನಗೆ ಗೊತ್ತಿರುತ್ತದೆ ಎಂದು ಕೇಳುತ್ತಾರೆ. ನನಗೆ ಗೊತ್ತಿಲ್ಲ. ನೋಟ್‌ಬುಕ್ಕಿನ ಗೆರೆಗಳನ್ನು ಬಿಟ್ಟಿದ್ದೇನೆ. ಫೋನ್ ಮಾಡಿ ಒಂದೇ ಮಾತು ಕೇಳಿ ಅನ್ನುತ್ತೇನೆ: ಆಟಕ್ಕೆ ಮೊದಲು ಬಣ್ಣ ಹಚ್ಚುವುದನ್ನು ಮಗುವಿಗೆ ತೋರಿಸುತ್ತೀರಾ? ಕೆಲವರು ನಗುತ್ತಾರಂತೆ. ಕೆಲವರು ಆಗುವುದಿಲ್ಲ ಎಂದು ಫೋನ್ ಇಡುತ್ತಾರಂತೆ. ಹೋದ ಬೇಸಿಗೆಯಲ್ಲಿ ಗಂಗಾವತಿಯ ನನ್ನ ಗೆಳತಿಗೆ ಒಂದು ತಂಡದವರು, "ಅರ್ಧ ಗಂಟೆ ಮುಂಚೆ ಬನ್ನಿ, ಬೇರೆ ಮಕ್ಕಳನ್ನೂ ಕರೆಯೋಣ" ಅಂದರಂತೆ.

ಆ ವರ್ಷ ಡಿಸೆಂಬರಿನ ಗ್ಯಾದರಿಂಗಿನಲ್ಲಿ ಸಿಂಚನಾಗೆ ಪಾರ್ಟು ಇರಲಿಲ್ಲ. ಹೆಸರು ಕೊಡುವ ದಿನ ಕಳೆದುಹೋಗಿತ್ತು. ಆದರೂ ಟೀಚರ್, ಚಿಕ್ಕ ಮಕ್ಕಳ ಜೊತೆ ಇರಲಿ, ಅವಳನ್ನು ಮುಂಚೆಯೇ ಕಳಿಸಿ ಅಂದಿದ್ದರು. ಆಮೇಲೆ ನಾನು ಕಾರ್ಯಕ್ರಮ ನೋಡಲು ಶಾಲೆಗೆ ಹೋದಾಗ ಸ್ಟೇಜಿನ ಹಿಂದಿನ ಕೋಣೆಯಲ್ಲಿ ಅವಳ ದನಿ ಕೇಳಿತು. ಹುಲಿಯ ವೇಷದ ಹುಡುಗನನ್ನು ಬೆಂಚಿನ ಮೇಲೆ ಕೂರಿಸಿ, ಒಂದನೇ ತರಗತಿಯ ಐದಾರು ಚಿಕ್ಕ ಮಕ್ಕಳನ್ನು ಸಾಲು ನಿಲ್ಲಿಸಿದ್ದಳು. ಒಬ್ಬೊಬ್ಬರ ಬೆರಳು ಬಣ್ಣದಲ್ಲಿ ಅದ್ದುತ್ತ ಹೇಳುತ್ತಿದ್ದಳು.

"ಅಂಜಬ್ಯಾಡ್ರಿ. ನಮ್ಮ ಮಮ್ಮಿ ಎಷ್ಟ ದೊಡ್ಡಾಕಿ, ಆಕೀನೂ ಅಂಜಿ ಬಾಗಲದಾಗ ನಿಂತಿದ್ಲು. ನಾನ ಆಕೀ ಕೈ ಹಿಡದು ಒಳಗ ಕರಕೊಂಡು ಹೋದೆ."

ಬಾಗಿಲ ಹೊರಗೆ ನಿಂತಿದ್ದ ನಾನು ಒಳಗೆ ಹೋಗಿ ತಿದ್ದಲಿಲ್ಲ. ಮನೆಗೆ ಬಂದು ಅಕ್ಟೋಬರಿನ ದಿನಚರಿ ತೆಗೆದು ನೋಡಿದೆ. ಮರುದಿನ ಬೆಳಿಗ್ಗೆಯೇ, ನೆನಪು ಹಸಿಯಾಗಿದ್ದಾಗಲೇ ಬರೆದ ಪುಟ. ನನ್ನದೇ ಅಕ್ಷರದಲ್ಲಿ ಸ್ಪಷ್ಟವಾಗಿತ್ತು: 'ಸಿಂಚನಾಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ.'

ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಇನ್ನೂ ಅಳಿಸಿಲ್ಲ.